ಒಲೆಯನ್ನು ಒಯ್ಯಬಾರದೆಂದು

ತೊಮನಾಯ್, ಹೊಕ್ಕೈದೊ
೨೮ ಸೆಪ್ಟೆಂಬರ್ ೧೯೬೮

ಮಗಳು ಕಿಯೋಗೆ ನಿನ್ನ ತಂದೆ ತಿಳಿಯಪಡಿಸುವುದೇನೆಂದರೆ, ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರಕ್ಕೆ ಉತ್ತರಿಸಲು ತಡವಾದದ್ದನ್ನು ಮನ್ನಿಸುವುದು. ಸಾಲ್ಮನ್ ಮೀನು ಹೊಳೆಗೆ ಏರಿತ್ತು. ಸೀಳಿ ಹೊಗೆಗೆ ಕಟ್ಟುವುದರಲ್ಲೇ ದಿನ ಕಳೆಯಿತು.

ಕಡಲಂಚಿನ ನಮ್ಮ ಮರಳುದಿಬ್ಬದಲ್ಲಿ ಪ್ರೊಫೆಸರ್ ಮುರೋಯಿಯವರು ಬೇಸಿಗೆಯಿಂದ ಅಗೆಸುತ್ತಿರುವುದು ನಿನಗೆ ತಿಳಿದಿದೆ. ನೀನು ಜಾರಿ ಆಡುತ್ತಿದ್ದ ಆ ತಗ್ಗುಗಳೆಲ್ಲ ಸಾವಿರ ವರ್ಷದ ಹಿಂದೆ ನೆಲ ತೋಡಿ ಕಟ್ಟಿದ ಗುಂಡಿಮನೆಗಳಂತೆ. ಒಂದರಲ್ಲಿ ತೊಲೆಗಳು ಇದ್ದಿಲಾಗಿ, ಸುತ್ತಿನಿಂದ ನಡುವಿನ ಒಲೆಯತ್ತ ಬಿದ್ದಿವೆ. ಮಡಕೆಗಳು ಇಟ್ಟಲ್ಲೇ ಇವೆ. ಇದು ತಾನಾಗಿ ಹತ್ತಿದ ಬೆಂಕಿಯಲ್ಲ, ಹಚ್ಚಿದ್ದು ಎಂದು ಮುರೋಯಿಯವರು ಹೇಳಿದರು. ಮನೆಯ ಹಿರಿಯ ಹೆಂಗಸು ಸತ್ತರೆ ಆಚೆಯ ಲೋಕದಲ್ಲಿ ಅವಳಿಗೆ ಇರಲಿಕ್ಕೆಂದು ಮನೆಯನ್ನೇ ಸುಟ್ಟು ಕಳುಹಿಸುವ ನಮ್ಮ ಬುಡಕಟ್ಟಿನ ಪದ್ಧತಿ ಅವರಿಗೆ ಗೊತ್ತಿತ್ತು. ಅದೇ ಇರಬಹುದೇ ಎಂದು ಕೇಳಿದರು. ಇರಬಹುದು ಎಂದೆ.

ಸದರಿ ಒಲೆಯನ್ನು ಮಣ್ಣಿನ ಸಮೇತ ಎತ್ತಿ ವಸ್ತುಸಂಗ್ರಹಾಲಯಕ್ಕೆ ಒಯ್ಯಲು ಜಮೀನಿನ ಯಜಮಾನನಾದ ನನ್ನ ಒಪ್ಪಿಗೆ ಬೇಕಾಗಿತ್ತು. ಗಾಜಿನ ಪೆಟ್ಟಿಗೆಯ ಕೆಳಗೆ ನನ್ನ ಹೆಸರು ಬರೆಸುತ್ತೇವೆ ಎಂದರು. ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು.

ಪಕ್ಕದ ಮನೆಯ ತೆಕ್ಕಾ ಅಜ್ಜಿ ದಿಬ್ಬದ ಮೇಲೆ ಕುಳಿತು ಚುಟ್ಟಾ ಸೇದುತ್ತಿದ್ದಳು.

"ಮನೆ ಕೊಟ್ಟು ಕಳಿಸಿ ಒಲೆ ಕಿತ್ಕೊಳ್ತೀರಾ? ಅಲ್ಲಿ ಆ ಮುದುಕಿ ಮೀನು ಎಲ್ಲಿ ಬೇಯಿಸ್ಬೇಕು, ನಿಮ್ಮ ಗಾಜಿನ ಪೆಟ್ಟಿಗೇಲಾ?"

ಮುರೋಯಿಯವರು ನಕ್ಕರು. ಅವಳು ನನ್ನ ಕಡೆ ತಿರುಗಿದಳು.

"ನೀನು ಬರಿಯಪ್ಪಾ, ದೊಡ್ಡ ಅರ್ಜಿ ಬರಿಯೋನು. ನಿನ್ನ ಹೆಂಡ್ತಿಗೆ..."

ಅಷ್ಟಕ್ಕೇ ನಿಲ್ಲಿಸಿ ಚುಟ್ಟಾ ಆರಿಸಿದಳು.

ಮೇಲ್ಕಂಡ ಒಲೆಯು ಅನ್ಯರ ಸ್ವತ್ತಾಗಿದ್ದು, ಅದನ್ನು ಕೊಡುವ ಅಧಿಕಾರ ನನಗಿಲ್ಲವೆಂದು ವಿನಯಪೂರ್ವಕವಾಗಿ ಬರೆದುಕೊಟ್ಟೆ. ಮುರೋಯಿಯವರು ಎರಡು ಬಾರಿ ಓದಿ, ಬೇಸರದಿಂದಲೇ ಒಪ್ಪಿದರು. ಅಳತೆ ತೆಗೆದುಕೊಂಡು ಗುಂಡಿಗೆ ಮರಳು ತುಂಬಿಸುತ್ತಾರೆ.

ನಿನಗೂ ಮಕ್ಕಳಿಗೂ ಬೆಂಕಿದೇವತೆ ಒಲೆಯಜ್ಜಿಯ ಕಾವಲಿರಲಿ.

ನಿನ್ನ ತಂದೆ,
ತೊಯೊಕಿಚಿ

ಮರೆತ ಮಾತು: ನಿನ್ನ ತಾಯಿ ಕೊನೆಯ ದಿನ ನನ್ನ ತೋಳು ಹಿಡಿದು, "ಮನೆ ಸುಡಬೇಡಿ, ಚಳಿಗಾಲ ಬಂತು, ನೀವೆಲ್ಲಿ ಮಲಗ್ತೀರಿ" ಎಂದಿದ್ದಳು. ಅವಳ ಮಾತು ನಡೆಸಿದೆ. ಅಂದಿನಿಂದ ನನ್ನ ತಲೆಯ ಮೇಲೆ ಸೂರಿದೆ, ಅವಳಿಗಿಲ್ಲ. ಈಗ ದಿಬ್ಬದಾಚೆ ಅವಳಿಗೆಂದು ಜೊಂಡಿನ ಪುಟ್ಟ ಗುಡಿಸಲು ಕಟ್ಟುತ್ತಿದ್ದೇನೆ. ಹಿಮ ಬೀಳುವ ಮೊದಲು ಸುಡಬೇಕು. ನೀನು ಬಾ. ಬರುವಾಗ ಅವಳ ಕಬ್ಬಿಣದ ಪಾತ್ರೆ ತಾ. ದಿನವೂ ಅದರಲ್ಲೇ ನೀನು ಅಡುಗೆ ಮಾಡುವುದನ್ನು ಬಲ್ಲೆ. ಆದರೂ ತಾ.