ಹೆಸರಿಲ್ಲದ ಪೊಟ್ಟಣ

ಕೊಪ್ಪಳ
24 ಆಗಸ್ಟ್ 2025, ಭಾನುವಾರ

ಹನುಮೇಶಣ್ಣನಿಗೆ ವಿಜಿಯ ನಮಸ್ಕಾರ.

ಸಣ್ಣಪ್ಪ ಮಾಮಾ ಅವರ ಎಡಗಣ್ಣು ಹೋಯಿತು. ನಿನ್ನೆ ಸಂಜೆ ಹುಬ್ಬಳ್ಳಿಯ ಕಣ್ಣಿನ ವೈದ್ಯರು ಅವರ ತಮ್ಮನಿಗೆ ಹೇಳಿದರು, ಅವನು ಅವ್ವನಿಗೆ ಫೋನ್ ಮಾಡಿದ, ಅವ್ವ ನನಗೆ ಹೇಳಿದಳು. ಮೂರು ಪಕ್ಕೆಲುಬು ಮುರಿದಿವೆ. ಕೆಳದವಡೆಗೆ ತಂತಿ ಕಟ್ಟಿದ್ದಾರೆ. ಜೀವಕ್ಕೆ ಅಪಾಯವಿಲ್ಲ. ಗಂಡನನ್ನು ನೋಡಲು ಹೋಗಲಾಗದೆ ಹುಲಗೆಮ್ಮಕ್ಕ ನಾನು ಕಲಿಯುವ ಆಸ್ಪತ್ರೆಯಲ್ಲೇ ಇದ್ದಾಳೆ. ಮೂಗಿನ ರಕ್ತ ನಿಂತಿದೆ. ನಿನ್ನ ಹೆಸರು ತೆಗೆದರೆ ಗೋಡೆಯ ಕಡೆ ಹೊರಳುತ್ತಾಳೆ.

ಈ ಪತ್ರವನ್ನು ನಿನಗಿಂತ ಮೊದಲು ಜೈಲಿನವರು ಓದುತ್ತಾರೆ ಎಂದು ವಕೀಲರು ಎಚ್ಚರಿಸಿದ್ದಾರೆ. ಓದಲಿ. ಅವರಿಗೂ ತಿಳಿಯುವ ಹಾಗೆಯೇ ಬರೆಯುತ್ತೇನೆ.

17ರ ಬೆಳಿಗ್ಗೆ ನವಲಿಯ ಗದ್ದೆಯಲ್ಲಿ ನಡೆದದ್ದನ್ನು ದೂರಿನಲ್ಲಿರುವಂತೆ, ಅಕ್ಕ ಹೇಳಿದಂತೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದು. ಮಾಮಾ ಟ್ರ್ಯಾಕ್ಟರ್‌ಗೆ ಕಬ್ಬಿಣದ ಗಾಲಿ ಹಾಕಿ ಕೆಸರು ತುಳಿಸುತ್ತಿದ್ದರು. ನೀನು ಹಿಂದಿನಿಂದ ಅಂಗಿ ಹಿಡಿದು ಕೆಳಗೆ ಎಳೆದೆ. ಕೆಸರಿಗೆ ಬಿದ್ದವರ ಕುತ್ತಿಗೆ ಮೇಲೆ ಮೊಣಕಾಲು ಊರಿ ಮುಖವನ್ನು ನೀರಿನಲ್ಲಿ ಒತ್ತಿದೆ. ಎತ್ತಿದೆ, ಮತ್ತೆ ಒತ್ತಿದೆ. "ನನ್ನ ತಂಗಿ ಮೈಮ್ಯಾಲೆ ಕೈ ಮಾಡ್ತೀ ಏನಲೇ? ಬಾಯಿ ಬಿಡಲೇ!" ಎಂದು ಕೂಗಿದ್ದು ಕಾಲುವೆಯ ಆಚೆಗೂ ಕೇಳಿದೆ. ಬಾಯಿ ಬಿಡೋಣವೆಂದರೆ ಅವರ ಬಾಯಲ್ಲಿ ಕೆಸರಿತ್ತು. ಆಮೇಲೆ ನಿನ್ನ ಗ್ಯಾರೇಜಿನಿಂದ ತಂದಿದ್ದ, ಗಾಲಿ ಬಿಚ್ಚುವ ಪಾನಾದಿಂದ ಹೊಡೆದೆ. ನಾಟಿಗೆ ಬಂದಿದ್ದ ಹೆಣ್ಣುಮಕ್ಕಳು ಪಕ್ಕೆಗೆ ಆರು ಏಟು ಎಂದು ಹೇಳಿಕೆ ಕೊಟ್ಟಿದ್ದಾರೆ. ದವಡೆಗೆ ಒಂದು. ಕಣ್ಣಿನದು ಕೊನೆಯದು.

ಅಷ್ಟರಲ್ಲಿ ಬದುವಿನ ಮೇಲಿಂದ ಅಕ್ಕ ಓಡಿಬಂದು ನಿನ್ನ ಕೈಗೆ ಜೋತುಬಿದ್ದಳು. ನಿನ್ನ ಮೊಣಕೈ ಅವಳ ಮೂಗಿಗೆ ಬಡಿಯಿತು. ಅದು ಬೇಕೆಂದು ಹೊಡೆದದ್ದಲ್ಲ ಎಂದು ಅಕ್ಕನೇ ಪೊಲೀಸರಿಗೆ ಹೇಳಿದ್ದಾಳೆ. ಆದರೆ ರಕ್ತ ನಿಲ್ಲಲಿಲ್ಲ. ಕೆಸರಿನಲ್ಲಿ ಬಿದ್ದಿದ್ದ ಗಂಡನಿಗಿಂತ ಹೆಚ್ಚು ರಕ್ತ ಆ ಮೂಗಿನಿಂದ ಹೋಯಿತು. ಆಗ ನೀನು ಪಾನಾ ಎಸೆದು ಅವಳನ್ನು ಹೊತ್ತುಕೊಂಡು ರಸ್ತೆಗೆ ಓಡಿದೆ. ಗಂಗಾವತಿಯಲ್ಲಿ ಮೂಗಿಗೆ ಹತ್ತಿ ತುರುಕಿ ಕಳಿಸಿದರು. ಕೊಪ್ಪಳ ಮುಟ್ಟುವಷ್ಟರಲ್ಲಿ ಹತ್ತಿ ತೊಯ್ದು, ಸೆರಗು ತೊಯ್ದು, ಸ್ಟ್ರೆಚರಿನ ಅಂಚಿನಿಂದ ಹನಿ ಬೀಳುತ್ತಿತ್ತು. ಅದನ್ನು ನಾನೇ ನೋಡಿದೆ.

ಇನ್ನು ನಿನಗೆ ಗೊತ್ತಿಲ್ಲದ್ದು.

ನಾಲ್ಕು ವರ್ಷದ ಹಿಂದೆ ಅಕ್ಕನ ಹೃದಯದ ಕವಾಟ ಬದಲಿಸಿದರಲ್ಲ, ಅಂದಿನಿಂದ ಅವಳು ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ ನುಂಗುತ್ತಾಳೆ. ಅದು ಕಡಿಮೆಯಾದರೆ ಕವಾಟದಲ್ಲಿ ರಕ್ತ ಗಟ್ಟಿಯಾಗುತ್ತದೆ. ಹೆಚ್ಚಾದರೆ ಸುಮ್ಮನೆ ಮುಟ್ಟಿದರೂ ಚರ್ಮದೊಳಗೆ ರಕ್ತ ಇಳಿದು ಕಪ್ಪಾಗುತ್ತದೆ. ಇದನ್ನು ಒಂದು ಪರೀಕ್ಷೆಯಿಂದ ಅಳೆಯುತ್ತಾರೆ. ಅಕ್ಕನಿಗೆ ಎರಡೂವರೆಯಿಂದ ಮೂರೂವರೆಯ ಒಳಗೆ ಇರಬೇಕು. ಅಂದು ಒಂಬತ್ತು ದಾಟಿತ್ತು.

ನನ್ನ ರೆಸಿಡೆನ್ಸಿ ಎಂದರೆ ಏನು ಎಂದು ನೀನು ಎರಡು ವರ್ಷದಿಂದ ಕೇಳುತ್ತಲೇ ಇದ್ದೆ. "ಡಾಕ್ಟರ್ ಅಲ್ಲ, ನರ್ಸೂ ಅಲ್ಲ, ಗುಳಿಗಿ ಅಂಗಡಿನೂ ಅಲ್ಲ, ಮತ್ತ ಏನ ಕಲಸ್ತಾರ ನಿನಗ ಗುಳಿಗಿ ಡಾಕ್ಟ್ರ?" ಎಂದು ನಗುತ್ತಿದ್ದೆ. ಔಷಧಶಾಸ್ತ್ರ ಓದಿ ಮುಗಿಸಿದವರಿಗೆ ಕೊಡುವ ಮೇಲಿನ ತರಬೇತಿ ಇದು. ಮೊದಲ ವರ್ಷ ವಾರ್ಡಿನಲ್ಲಿ, ಎರಡನೇ ವರ್ಷ ಹೊರರೋಗಿ ವಿಭಾಗದಲ್ಲಿ. ಬಂದವರೆಲ್ಲ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತಂದು ನಮ್ಮ ಮೇಜಿನ ಮೇಲೆ ಸುರಿಯಬೇಕು. ಯಾವುದು ಯಾವುದರ ಜೊತೆ ಜಗಳವಾಡುತ್ತಿದೆ ಎಂದು ನೋಡುವುದು ನಮ್ಮ ಕೆಲಸ. ಇಷ್ಟೇ.

ಅಕ್ಕನ ಚೀಲವನ್ನು ನವಲಿಯಿಂದ ತರಿಸಿ ನನಗೆ ಕಲಿಸುವ ಮುನವ್ವರ ಸರ್ ನನ್ನೆದುರಿಗೇ ಸುರಿದರು. ರಕ್ತದ ಮಾತ್ರೆ, ಬಿಪಿ ಮಾತ್ರೆ, ಒಂದು ಮುಲಾಮು, ಮತ್ತೆ ಹಳೆಯ ಪೇಪರಿನಲ್ಲಿ ಮಡಚಿದ ಒಂದು ಪೊಟ್ಟಣ. ಒಳಗೆ ಕಾಲ್ಬೆರಳ ಸಂದಿಯ ಹುಳುಕಡ್ಡಿಗೆ ಕೊಡುವ ಮಾತ್ರೆ. ಹದಿನೈದರಲ್ಲಿ ಎರಡು ಉಳಿದಿದ್ದವು. ಪೊಟ್ಟಣದ ಮೇಲೆ ಹೆಸರಿಲ್ಲ, ಯಾರಿಗೆ ಎಂದಿಲ್ಲ. ರಕ್ತದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಲೇಬಾರದು. ನುಂಗಿದರೆ ರಕ್ತದ ಮಾತ್ರೆ ಮೈಯಿಂದ ಹೊರಹೋಗದೆ ದಿನದಿನಕ್ಕೆ ಹೆಚ್ಚುತ್ತದೆ. ನಾಟಿ ಕೆಸರಿನಲ್ಲಿ ನಿಂತು ಅವಳ ಬೆರಳ ಸಂದಿಗಳು ಹುಣ್ಣಾಗಿದ್ದವು, ಹದಿಮೂರು ದಿನ ನುಂಗಿದ್ದಾಳೆ.

ಅಂದರೆ ನೀನು ನೋಡಿದ ತೊಡೆಯ ಕಪ್ಪು, ಬೆನ್ನಿನ ಕಪ್ಪು, ಯಾರೂ ಹೊಡೆದದ್ದಲ್ಲ. ಟ್ರ್ಯಾಕ್ಟರಿನಲ್ಲಿ ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು ಕುಳಿತದ್ದರಿಂದ, ಬಾವಿಕಟ್ಟೆಗೆ ಒರಗಿದ್ದರಿಂದ ಬಂದದ್ದು.

ರಟ್ಟೆಯ ಮೇಲೆ ನಾಲ್ಕು ಬೆರಳು ಮೂಡಿದ್ದವಲ್ಲ ಎನ್ನುತ್ತೀ. ಅದನ್ನೂ ಕೇಳಿದೆ. "ಬದುವಿನ ಮ್ಯಾಲಿಂದ ಜಾರಿದ್ನೆ ವಿಜಿ. ಕಾಲುವಿಗೆ ಬೀಳ್ತಿದ್ದೆ. ಅವ್ರು ರಟ್ಟಿ ಹಿಡದು ಎಳಕೊಂಡ್ರು. ಅಣ್ಣಗ ಹೇಳ್ಬೇಕಂದ್ರ ಅವ ನನ್ನ ಮಾತು ಕೇಳಾಕ ನಿಂತನೇನು?" ಎಂದಳು. ಇದಕ್ಕೆ ಅಕ್ಕನನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಮದುವೆಯ ಎರಡನೇ ವರ್ಷ ಮಾಮಾ ಒಮ್ಮೆ ಅವಳ ಕಪಾಳಕ್ಕೆ ಹೊಡೆದಿದ್ದು ನಿಜ, ನಾವೆಲ್ಲ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆವು. ಈ ಸಲ ಅವರು ಹೊಡೆದಿಲ್ಲ.

ಆ ಪೊಟ್ಟಣ ಕೊಟ್ಟವರು ಯಾರು ಎಂದು ಸರ್ ಕೇಳಿದರು. ಅಕ್ಕ ನನ್ನ ಮುಖ ನೋಡಿ, "ನೆನಪಿಲ್ರಿ ಸರ್ರ" ಎಂದಳು. ವಿವರದ ಹಾಳೆ ತುಂಬುವವಳು ನಾನು. ‘ಕೊಟ್ಟವರು: ತಿಳಿದಿಲ್ಲ’ ಎಂದು ಬರೆದೆ.

ಇನ್ನೊಂದು ವಿಷಯ ನನಗೂ ನಿನಗೂ ಮಾತ್ರ ಗೊತ್ತು. 16ರ ಶನಿವಾರ ಮಧ್ಯಾಹ್ನ ನೀನು ಅಕ್ಕನ ಮನೆಯ ಅಂಗಳದಿಂದ ನನಗೆ ಫೋನ್ ಮಾಡಿದ್ದೆ. "ಅಕಿ ಮೈಯೆಲ್ಲಾ ಕಪ್ಪ ಬಂದೈತಿ. ಕೇಳಿದ್ರ ಏನೂ ಇಲ್ಲ ಅಂತಾಳ. ಆ ರಕ್ತದ ಗುಳಿಗಿಯಿಂದ ಹಿಂಗ ಆಗತೈತೇನು? ನೀ ಹೇಳು, ನೀ ಓದೀದಿ" ಎಂದೆ. ಸಿಟ್ಟಾಗುವ ಮೊದಲು ಕೇಳಿದೆ. ಅದನ್ನು ನಾನು ಮರೆಯುವುದಿಲ್ಲ. ನನ್ನ ಮೇಜಿನ ಮುಂದೆ ಹನ್ನೊಂದು ಜನ ಕಾಯುತ್ತಿದ್ದರು. "ನಾಕು ವರ್ಷದಿಂದ ಅದನ್ನ ತಗೋತಾಳಣ್ಣ, ಒಮ್ಮೆರೆ ಹಿಂಗಾಗೈತೇನು? ಕೈ ಮಾಡಿದ್ರನ ಹಂಗಾಗೂದು" ಎಂದು ಹೇಳಿ ಫೋನ್ ಇಟ್ಟೆ. ಮಾತು ಒಂದು ನಿಮಿಷವೂ ಆಗಲಿಲ್ಲ. ಬೇರೆ ಯಾರೇ ಕೇಳಿದ್ದರೂ ‘ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ’ ಎಂದು ಮೊದಲು ಕೇಳುತ್ತಿದ್ದೆ. ನಮಗೆ ಕಲಿಸುವ ಮೊದಲ ಪ್ರಶ್ನೆ ಅದು. ನಿನ್ನನ್ನು ಕೇಳಲಿಲ್ಲ.

ಹೊಡೆಯಲು ಯಾರಾದರೂ ಹೇಳಿದರೇ ಎಂದು ಪೊಲೀಸರು ಕೇಳಿದಾಗ ನೀನು "ಯಾರೂ ಹೇಳಿಲ್ರಿ, ನನ್ನ ಕಣ್ಣ ನೋಡ್ಯಾವ" ಎಂದೆಯಂತೆ. ವಕೀಲರು ಹೇಳಿದರು.

ಅದೇ ವಕೀಲರು ಈಗ ಅಕ್ಕನ ಮೈಮೇಲಿನ ಕಪ್ಪಿನ ಫೋಟೋಗಳನ್ನು ನೆಚ್ಚಿದ್ದಾರೆ. ಗಂಡ ಹೊಡೆದ, ಅಣ್ಣನಿಗೆ ತಡೆಯಲಾಗಲಿಲ್ಲ ಎಂದಾದರೆ ಕೊಲೆ ಯತ್ನದ ಕೇಸು ಹಗುರಾಗಬಹುದು, ಜಾಮೀನು ಬೇಗ ಸಿಗಬಹುದು ಎನ್ನುತ್ತಾರೆ. ಅವ್ವ ಇರಕಲ್ಲಗಡದಿಂದ ಬಂದು ವರಾಂಡದಲ್ಲಿ ನನ್ನ ಕೈ ಹಿಡಿದು, "ಅವ ಹೊಡದಾನ ಅಂತನ ಇರಲಿ ಬಿಡ. ಅವನ ಕಣ್ಣ ಹೋದದ್ದು ಹೋತು, ತಿರುಗಿ ಬರತೈತೇನು? ನಿನ್ನ ಅಣ್ಣರೆ ಹೊರಗ ಬರ್ಲಿ" ಎಂದಳು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನಾನು ಒಪ್ಪಿದೆನೆಂದು ತಿಳಿದುಕೊಂಡು ಅವಳು ಊರಿಗೆ ಹೋಗಿದ್ದಾಳೆ.

ನಾನು ಒಪ್ಪಿಲ್ಲ. ದವಡೆಗೆ ತಂತಿ ಕಟ್ಟಿದ ಮನುಷ್ಯ ತಾನು ಹೊಡೆದಿಲ್ಲ ಎಂದು ಬಾಯಿಬಿಟ್ಟು ಹೇಳಲಾರ. ಅಕ್ಕ ಹೇಳಿದರೆ, ಗಂಡನನ್ನು ಉಳಿಸಿಕೊಳ್ಳಲು ಹೇಳುತ್ತಾಳೆ ಎನ್ನುತ್ತಾರೆ. ರಕ್ತದ ಪರೀಕ್ಷೆಯ ಚೀಟಿ, ಆ ಎರಡು ಮಾತ್ರೆ ನನ್ನ ಕೈಯಲ್ಲಿವೆ. ನಾನು ಹೇಳಿದರೆ ನೀನು ಒಳಗೆ ಹೆಚ್ಚು ದಿನ ಇರಬೇಕಾಗಬಹುದು. ಇದನ್ನು ತಿಳಿದೇ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದು ಬರೆ, ನಾನು ಓದುತ್ತೇನೆ.

ಇಂತಿ ನಿನ್ನ ತಂಗಿ,
ವಿಜಯಲಕ್ಷ್ಮಿ

ಮತ್ತೆ ಬರೆಯುವುದೆಂದರೆ: ಆ ಪೊಟ್ಟಣ ನನ್ನದು. ಸರ್ ಅದನ್ನು ಬಿಚ್ಚುವ ಮೊದಲೇ ಮಡಚಿದ ರೀತಿಯಿಂದ ಗುರುತು ಹಿಡಿದೆ. ಪಂಚಮಿಗೆ ಊರಿಗೆ ಹೋಗುವಾಗ ಅವ್ವ ತನ್ನ ಕಾಲಿಗೆ ಎಂದು ಫೋನಿನಲ್ಲಿ ಕೇಳಿದ್ದಳು. ಬಸ್ ನಿಲ್ದಾಣದ ಹತ್ತಿರ ಕೊಂಡು, ಪೇಪರಿನಲ್ಲಿ ಸುತ್ತಿ, ‘ದಿನಕ್ಕೊಂದು’ ಎಂದು ಅವಳ ಕೈಗೆ ಹಾಕಿದೆ. ಹೆಸರು ಬರೆಯಲಿಲ್ಲ. ಅವ್ವ ನಾಟಿಗೆ ಹೋಗುವುದನ್ನು ಬಿಟ್ಟು ಮೂರು ವರ್ಷವಾಯಿತು, ಅವಳ ಕಾಲಿಗೆ ಹುಳುಕಡ್ಡಿ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಉಂಡಿ ತಿನ್ನುತ್ತ ಕುಳಿತಿದ್ದ ಅಕ್ಕನ ಕಾಲುಂಗುರಕ್ಕೆ ಬಟ್ಟೆ ಸುತ್ತಿದ್ದನ್ನು ನೋಡಿದ್ದೆ, ಆದರೂ ಆ ಮಾತ್ರೆ ಅವಳಿಗೇ ಇರಬಹುದೆಂದು ಯೋಚಿಸಲಿಲ್ಲ. ಇಂದು ಬೆಳಿಗ್ಗೆ ವಿವರದ ಹಾಳೆಯಲ್ಲಿ ‘ತಿಳಿದಿಲ್ಲ’ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದು ಮುನವ್ವರ ಸರ್ ಅವರಿಗೆ ಕೊಟ್ಟಿದ್ದೇನೆ. ಅವರು ಓದಿ, ಸಹಿ ಮಾಡಿ ಇಟ್ಟುಕೊಂಡರು. ಮಂಗಳವಾರ 26ರಂದು ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಯಲ್ಲಿ ನನ್ನ ಹೇಳಿಕೆ ಇದೆ.