ಒದ್ದೆ ಬಟ್ಟೆ ಹರವಿದ ಮನೆಗಳು

ಸಿರುಗುಪ್ಪ
12 ನವೆಂಬರ್ 2025, ಬುಧವಾರ

ಶೇಖರ್ ಅವರಿಗೆ, ಬನ್ನಿಗಡ್ಡೆಯ ಅಕ್ಷಿತಾಳ ನಮಸ್ಕಾರ.

ಭಾನುವಾರ ನಿಮ್ಮೆದುರು ಚಹಾದ ತಟ್ಟೆ ಹಿಡಿದು ನಿಂತವಳು ನಾನೇ. ಅಂದು ಎರಡು ಮಾತೂ ಆಡದವಳು ಇಂದು ಇಷ್ಟುದ್ದ ಬರೆಯುತ್ತಿದ್ದಾಳಲ್ಲ ಎಂದು ನಿಮಗೆ ಅನಿಸಬಹುದು. ಫೋನ್ ಮಾಡಿದ್ದರೆ ಅರ್ಧಕ್ಕೇ ಇಟ್ಟುಬಿಡುತ್ತಿದ್ದೆ. ಕಾಗದವನ್ನು ಕುರುಗೋಡಿನ ನಿಮ್ಮ ಮನೆಗೆ ಹಾಕಿದರೆ ನಿಮ್ಮ ತಾಯಿಯವರು ಮೊದಲು ನೋಡುತ್ತಾರೆಂದು, ಸಿರುಗುಪ್ಪಕ್ಕೆ ಬಂದು, ನೀವು ಕೆಲಸ ಮಾಡುವ ಅಕ್ಕಿ ಗಿರಣಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಭಾನುವಾರ ನೀವು ನೋಡಿದಷ್ಟು ಮಂದಿ ಹೊಳೆಯ ನಡುವಿನ ನಮ್ಮ ಗಡ್ಡೆಯಲ್ಲಿಲ್ಲ. ಒಲೆ ಉರಿಯುತ್ತಿದ್ದ, ಕಟ್ಟೆಯ ಮೇಲೆ ಹೆಂಗಸರು ಅಕ್ಕಿ ಆರಿಸುತ್ತಿದ್ದ ಆ ಮನೆಗಳು ವರ್ಷಗಳಿಂದ ಬೀಗ ಹಾಕಿದವು. ಈಗ ಅಲ್ಲಿ ಇರುವುದು, ನಮ್ಮದೂ ಸೇರಿ, ಆರೇ ಮನೆ. ಎಲ್ಲರನ್ನೂ ಕೂಡಿಸಿದರೆ ಇಪ್ಪತ್ತು ಜನವೂ ಆಗುವುದಿಲ್ಲ.

ನಮ್ಮ ಉಚ್ಚಂಗೆಪ್ಪ ಮಾವ, ಅವ್ವನ ತಮ್ಮ, ದಂಡೆಯ ಮೇಲಿನ ಹೊಸ ಕಾಲೋನಿಯಲ್ಲಿರುತ್ತಾನೆ. ಮನೆ ಅಳಿಯನಾಗಿ ಬರುವವನು ಖಾಲಿ ಊರು ಕಂಡರೆ ಅದೇ ತೆಪ್ಪದಲ್ಲಿ ತಿರುಗಿ ಹೋಗುತ್ತಾನೆಂದು ಅವನಿಗೆ ಚಿಂತೆ. ಆದ್ದರಿಂದ ಗಡ್ಡೆ ಬಿಟ್ಟು ಹೋದವರನ್ನೆಲ್ಲ ಕಾಲೋನಿಯಿಂದ, ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ತುಂಬಿಸಿ ತಂದು, ನೀವು ಬರುವ ಮೊದಲೇ ತೆಪ್ಪದಲ್ಲಿ ದಾಟಿಸಿದ. ಬೀಗ ತೆಗೆಸಿ, ಕಸ ಹೊಡೆಸಿ, ಅವರವರ ಹಳೆಯ ಮನೆಯಲ್ಲಿ ಅವರವರನ್ನು ಕೂರಿಸಿದ. ಓಣಿಯಲ್ಲಿ ನಿಂತು, "ಯಾರೂ ಸುಮ್ನ ಕುಂದ್ರಬ್ಯಾಡ್ರಿ. ಕೆಮ್ಮರಿ, ಜಗಳಾಡ್ರಿ, ಏನಾರ ಮಾಡ್ರಿ. ಊರಂದ್ರ ಸಪ್ಪಳ ಇರಬೇಕು," ಎಂದು ಕೂಗಿದ. ಅದಕ್ಕೆ ಹಂಪಕ್ಕ ಎಂಬ ಮುದುಕಿ, "ಜಗಳ ಬೇಕಂದ್ರ ನಿನ್ ಹೆಂಡ್ತೀನ ಕರ್ಕಂಡು ಬರಬೇಕಿತ್ತು ಲೇ, ನಾವ್ಯಾಕ ಬೇಕು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಈ ಊರು ಮೊದಲಿನಿಂದಲೂ ಹೀಗಿರಲಿಲ್ಲ. ನಮ್ಮವರು ಹಿಂದೆ ದಂಡೆಯ ಒಂದು ಹಳ್ಳಿಯ ಕೇರಿಯಲ್ಲಿದ್ದರಂತೆ. ಅಲ್ಲಿ ಬಾವಿ ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಮೇಲಿನಿಂದ ಕೊಡಕ್ಕೆ ಸುರಿಯುವವರೆಗೆ ಬಿಸಿಲಲ್ಲಿ ಕಾಯಬೇಕು. ಒಂದು ಬೇಸಿಗೆ ನನ್ನ ಮುತ್ತಜ್ಜಿ ಕಾದೂ ಕಾದೂ ಸಾಕಾಗಿ, ಖಾಲಿ ಕೊಡ ಹೊತ್ತುಕೊಂಡೇ ಹೊಳೆಗಿಳಿದು ಗಡ್ಡೆಗೆ ಹೋಗಿ ಗುಡಿಸಲು ಹಾಕಿದಳು. ಸುತ್ತಲೂ ನೀರು, ಮುಟ್ಟಬೇಡ ಎನ್ನುವವರಿಲ್ಲ. ಅವಳ ಹಿಂದೆ ಉಳಿದವರು ಬಂದರು. ಆದರೆ ಹೊಳೆ ದಾಟಿಸಿ ಹೆಣ್ಣು ಕೊಡಲು ಯಾರೂ ಒಪ್ಪಲಿಲ್ಲ. ಗಂಡುಮಕ್ಕಳು ಮದುವೆಯಾಗಿ ದಂಡೆಯ ಕಡೆಗೇ ಹೋದರು. ಹೆಣ್ಣುಮಕ್ಕಳನ್ನು ಉಳಿಸಿಕೊಂಡು ಅಳಿಯಂದಿರನ್ನು ತಂದರು. ನಲವತ್ತು ಮನೆಯ ಊರು ಬೆಳೆದದ್ದು ಹಾಗೆ. ನಮ್ಮಪ್ಪ ಜೋಗಪ್ಪನೂ ತೆಕ್ಕಲಕೋಟೆಯಿಂದ ಬಂದ ಅಳಿಯನೇ.

ನಾನು ಒಂದನೆಯ ತರಗತಿ ಓದಿದ್ದು ಗಡ್ಡೆಯ ಸಾಲೆಯಲ್ಲಿ. 2009ರ ಪ್ರವಾಹದಲ್ಲಿ ಮನೆಮನೆಯೊಳಗೆ ನೀರು ನಿಂತ ಮೇಲೆ ದಂಡೆಯ ಮೇಲೆ ನಿವೇಶನ ಸಿಕ್ಕಿತು. ಒಬ್ಬೊಬ್ಬರಾಗಿ ಹೋದರು. ಅವರನ್ನು ತಪ್ಪೆನ್ನಲಾರೆ. ಅಲ್ಲಿ ಬಸ್ಸಿದೆ, ಮನೆಯ ಮುಂದೆಯೇ ನಲ್ಲಿಯಿದೆ. ಸಾಲೆ ಮುಚ್ಚಿತು. ಕಳೆದ ಮಳೆಗಾಲದಲ್ಲಿ ಬಿದ್ದ ಕರೆಂಟು ಕಂಬವನ್ನು ಇನ್ನೂ ಯಾರೂ ನೆಟ್ಟಿಲ್ಲ. ಹುಟ್ಟಿದವರು ಬಿಟ್ಟು ಹೋದ ಊರನ್ನು ಹೊರಗಿನಿಂದ ಬಂದ ಅಪ್ಪ ಬಿಡಲೊಲ್ಲ. ನಾನು ಒಬ್ಬಳೇ ಮಗಳು.

ಇಷ್ಟನ್ನು ಮುಚ್ಚಿಟ್ಟುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಹೊರಡುವ ಮುಂಚೆ ನೀವು ನಿಮ್ಮ ಚಿಕ್ಕಪ್ಪ ಚಿದಾನಂದಪ್ಪನವರಿಗೆ ಹೇಳಿದ ಮಾತು ಒಳಗೆ ನನ್ನ ಕಿವಿಗೆ ಬಿತ್ತು: "ಮಂದಿ ಭಾಳ ಅದಾರ ಕಾಕಾ, ಚಲೋ ಆತು. ಅವ್ವಗ ಮಾತಾಡಾಕ ಮಂದಿ ಇಲ್ದಿದ್ರ ಆಗಂಗಿಲ್ಲ. ನಾ ಕೆಲ್ಸಕ್ಕ ಹೋದ ಮ್ಯಾಲ ದಿನಾ ಆಕಿ ಒಬ್ಬಾಕಿನ ಇಲ್ಲಿ ಇರಬೇಕಲ್ಲ."

ತಾಯಿಯವರನ್ನೂ ಕರೆತರುವ ವಿಚಾರ ನಿಮ್ಮಲ್ಲಿದೆ ಎಂಬುದು ನಮಗೆ ಗೊತ್ತಿರಲಿಲ್ಲ. ಕುರುಗೋಡಿನ ತುಂಬಿದ ಓಣಿಯಲ್ಲಿ ಬಾಳಿದ ಅವರು ಸಾಲು ಬೀಗಗಳ ಎದುರು ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು.

ನೀವು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಎದುರು ಮನೆ ತೋರಿಸಿ, "ಇದರಾಗ ಯಾರಿರ್ತಾರ್ರಿ?" ಅಂದಿರಿ. "ನಮ್ಮ ದೊಡ್ಡಮ್ಮ" ಎಂದೆ. ದೊಡ್ಡಮ್ಮ ಇರುತ್ತಿದ್ದದ್ದು ನಿಜ.

ಇನ್ನೂ ಒಂದಿದೆ. ಇಲ್ಲಿಯವರೆಗೆ ಎಲ್ಲವನ್ನೂ ಮಾವನ ಮೇಲೆ ಹಾಕಿ ಬರೆದೆ. ಮಂದಿ ಬಂದು ಕೂತರೂ ಮನೆಗಳಿಗೆ ಕಳೆ ಬಂದಿರಲಿಲ್ಲ, ಛತ್ರದಲ್ಲಿ ಕೂತಂತೆ ಕಾಣುತ್ತಿದ್ದರು. "ಒದ್ದೆ ಬಟ್ಟಿ ಹರವ್ರಿ, ಮಾವ. ಬಟ್ಟಿ ಇದ್ರ ಮಂದಿ ದಿನಾ ಇರೋ ಹಂಗ ಕಾಣ್ಸತೈತಿ," ಎಂದು ಹೇಳಿದವಳು ನಾನು. ನಮ್ಮ ಟ್ರಂಕಿನ ಸೀರೆ, ಲಂಗ, ಅಪ್ಪನ ಪಂಚೆ ಎಲ್ಲವನ್ನೂ ಹೊಳೆಯಲ್ಲಿ ಅದ್ದಿ ಮನೆಗೊಂದರಂತೆ ಹಂಚಿದವಳೂ ನಾನೇ. ಕನ್ನಡ ಎಂ.ಎ. ಓದಿ, ಮಂದಿ ಹೇಗೆ ಬದುಕುತ್ತಾರೆಂದು ಕಣ್ಣಿಟ್ಟು ನೋಡುವುದನ್ನು ಕಲಿತು, ಅದನ್ನು ಬಳಸಿದ್ದು ಇದಕ್ಕೆ.

ನೀವು ಹೋದ ಮೇಲೆ ಬಂದವರೆಲ್ಲ ಹೊರಟರು. ಹಂಪಕ್ಕ ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾವ ಅವಸರ ಮಾಡಿದಾಗ, "ತಡಿ, ಒಲಿ ಇನ್ನಾ ಬಿಸಿ ಐತಿ," ಎಂದಳು. ಆಗ ಯಾರೂ ನಗಲಿಲ್ಲ. ಅಪ್ಪ ಮಾತ್ರ ಖುಷಿಯಾಗಿದ್ದ. ಬರುವಾಗ ನೀವು ಅವನ ಕೈಯಿಂದ ಹುಟ್ಟು ಇಸಿದುಕೊಂಡು ಅರ್ಧ ಹೊಳೆ ನೀವೇ ಹಾಕಿದಿರಂತೆ. ಅದನ್ನು ಊರಿಗೆಲ್ಲ, ಅಂದರೆ ಐದು ಮನೆಗೆ, ಹೇಳಿ ಬಂದ. ಆಮೇಲೆ ಖಾಲಿ ಓಣಿ ನೋಡುತ್ತ, "ಎಷ್ಟ್ ಚಂದ ಕಾಣ್ಸಿತಲ್ಲ ಈರಮ್ಮ, ಊರು," ಎಂದು ಅವ್ವನಿಗೆ ಹೇಳಿದ. ಸುಳ್ಳೆಂದು ಗೊತ್ತಿದ್ದೂ ಹೇಳಿದ.

ಬರುವ ವಾರ ನಿಶ್ಚಿತಾರ್ಥಕ್ಕೆ ಹಿರಿಯರನ್ನು ಕರೆತರುವ ಮೊದಲು ಇದು ನಿಮಗೆ ತಿಳಿದಿರಬೇಕು. ಒಂದು ದಿನ ಹೇಳದೆ ಕೇಳದೆ ತಾಯಿಯವರೊಂದಿಗೆ ಬಂದು ಗಡ್ಡೆಯನ್ನು ಇದ್ದಂತೆ ನೋಡಿ. ಬರುವುದೇ ಬೇಡ ಎನಿಸಿದರೆ ಅದೂ ಸರಿ. ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಕೆಟ್ಟ ಮಾತಾಡದಂತೆ ನಾನು ನೋಡಿಕೊಳ್ಳುತ್ತೇನೆ.

ತಲೆ ತಗ್ಗಿಸಿ,
ಅಕ್ಷಿತಾ

ಮತ್ತೊಂದು ಮಾತು: ನೀವು ಒಲ್ಲೆನೆಂದರೆ ಮಾವ ಕಾರಣ ಕೇಳದೆ ಬಿಡುವುದಿಲ್ಲ. ಆಗ ಹುಡುಗಿ ಮನಸ್ಸಿಗೆ ಬರಲಿಲ್ಲ ಎಂದುಬಿಡಿ. ಗಡ್ಡೆ ಮನಸ್ಸಿಗೆ ಬರಲಿಲ್ಲ ಎನ್ನಬೇಡಿ. ನನ್ನನ್ನು ಒಲ್ಲೆ ಎಂದರೆ ಅಪ್ಪ ತಡೆದುಕೊಳ್ಳುತ್ತಾನೆ.