ಕೂಗುವ ಹಕ್ಕಿಗೆ ಇಫ್ತಾರ್

ಫೆಬ್ರವರಿ 9, ಭಾನುವಾರ

ಮತ್ತೆ ಸ್ಕೂಟರ್. ನಾಲ್ಕು ಜನ, ಒಂದು ಟಿಫಿನ್ ಕ್ಯಾರಿಯರ್, ಹುಜೈಫಾನ ಹಾಲಿನ ಬಾಟಲಿ. ಮಿಸ್ಬಾ ಮುಂದೆ ನಿಂತುಕೊಂಡು, ನಡುವೆ ಇವರು, ಹಿಂದೆ ನಾನು, ನನ್ನ ತೊಡೆ ಮೇಲೆ ಹುಜೈಫಾ. ಗುಂಡ್ಲುಪೇಟೆಯ ಅರ್ಧ ಆಟೋಗಳಿಗೆ ಹೊಸ ಸೀಟ್ ಹೊಲಿದುಕೊಟ್ಟ ಮನುಷ್ಯ ಇವರು. ಸ್ವಂತ ಸ್ಕೂಟರಿನ ಸೀಟು ಹರಿದು ಸ್ಪಂಜು ಹೊರಗೆ ಬಂದಿದೆ. ಹೇಳಿದರೆ ನಗುತ್ತಾರೆ.

ಈ ಭಾನುವಾರದ ತಿರುಗಾಟ ಶುರುವಾದದ್ದು ಮಿಸ್ಬಾಳ ಟೀಚರಿಂದ. ಒಂದನೇ ಕ್ಲಾಸಿನವರಿಗೆ ಪ್ರಾಜೆಕ್ಟ್ ಅಂತೆ, ಐದು ಥರದ ಎಲೆ ತರಬೇಕು. ನಮ್ಮ ಬೀದಿಯಲ್ಲಿ ಐದು ಥರದ ರೆಕ್ಸಿನ್ ಸಿಗುತ್ತದೆ, ಎಲೆ ಸಿಗುವುದಿಲ್ಲ. ಹಾಗೆ ಊರಾಚೆ ಹೋದವರು ಇನ್ನೂ ನಿಂತಿಲ್ಲ.

ಇವತ್ತು ಬೇಗೂರಿನ ದಾರಿಯಲ್ಲಿ ಮುತ್ತುಗದ ಮರ. ಒಂದೂ ಎಲೆ ಇಲ್ಲ, ಬರೀ ಹೂವು. ಮಿಸ್ಬಾ ಶುರು ಮಾಡಿದಳು.

"ಅಮ್ಮಿ, ಎಲೆಯೆಲ್ಲ ಎಲ್ಲಿ ಹೋದವು?"

"ಉದುರಿದವು."

"ಯಾಕೆ? ಹೂವಿಗೆ ಜಾಗ ಬಿಡೋಕಾ?"

ಗೊತ್ತಿಲ್ಲ. ಹುಟ್ಟಿದಾಗಿನಿಂದ ಈ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೇನೆ, ಒಂದು ಸಲವೂ ಹೀಗೆ ಅನ್ನಿಸಿರಲಿಲ್ಲ. ಸ್ವಲ್ಪ ನಾಚಿಕೆಯಾಯಿತು. ಇವರನ್ನು ಕೇಳಿದೆ. "ಸೀಟ್ ಕವರ್ ವಿಷಯ ಕೇಳು, ಹೇಳ್ತೀನಿ" ಅಂದರು.

ಫೆಬ್ರವರಿ 23, ಭಾನುವಾರ

ಹೋದ ವಾರ ಬರೆಯಲಾಗಲಿಲ್ಲ. ಹುಜೈಫಾನಿಗೆ ಹಲ್ಲು ಬರುತ್ತಿದೆ. ಅವನಿಗೆ ನಿದ್ದೆ ಇಲ್ಲ, ನಮಗೂ ಇಲ್ಲ.

ಇವತ್ತು ಬೇಗೂರಿನ ಪುಟ್ಟಮಾದಯ್ಯನವರ ಹೊಲಕ್ಕೆ. ಅವರ ಟ್ರ್ಯಾಕ್ಟರ್ ಸೀಟು ಇಲಿ ಕಡಿದು ಹಾಳಾಗಿದೆ, ಅಳತೆ ತೆಗೆಯಬೇಕಿತ್ತು. ಅಳತೆಗೆ ಹೆಂಡತಿ ಮಕ್ಕಳೂ ಯಾಕೆ ಅಂತ ಅವರು ಕೇಳಲಿಲ್ಲ. ಅವರ ಹೆಂಡತಿ ಸಣ್ಣತಾಯಮ್ಮ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ಕೂರಿಸಿದರು. ಹೊಂಗೆಯ ಚಿಗುರು ಎಷ್ಟು ಎಳೆಯದು ಅಂದರೆ ಅದರ ನೆರಳೂ ಹಸಿರಾಗಿತ್ತು. ಸುಮ್ಮನೆ ಬರೆಯುತ್ತಿಲ್ಲ. ಹುಜೈಫಾನ ಬಿಳಿ ಟೋಪಿ ಮೇಲೆ ಬಿದ್ದಾಗ ನೋಡಿದೆ.

ಮಿಸ್ಬಾ ಅವರಿಬ್ಬರನ್ನೂ ಕೇಳಿ ಕೇಳಿ ಸುಸ್ತು ಮಾಡಿದಳು. ಇರುವೆ ಸಾಲಿನಲ್ಲಿ ಮೊದಲನೆಯದು ಯಾವುದು. ಹುಲ್ಲು ಒಣಗಿದ ಮೇಲೆ ಸತ್ತ ಹಾಗಾ, ಮಲಗಿದ ಹಾಗಾ. ಪುಟ್ಟಮಾದಯ್ಯನವರು ಬೀಡಿ ಆರಿಸಿ ಯೋಚನೆ ಮಾಡಿದರು. ಆಮೇಲೆ ಇವರ ಕಡೆ ತಿರುಗಿ "ಪಯೀಮು, ಈ ಕೂಸ ಲಾಯರಿಗೆ ಓದ್ಸ್ಲಾ" ಅಂದರು. ನನಗೆ ಹೆಮ್ಮೆಯೋ ಹೆಮ್ಮೆ. ಮುಖದಲ್ಲಿ ತೋರಿಸಲಿಲ್ಲ.

ಮಾರ್ಚ್ 2, ಭಾನುವಾರ. ಸಂಜೆ, ಇಫ್ತಾರ್ ಆದ ಮೇಲೆ

ಮೊದಲ ರೋಜಾ. ಗಂಟಲು ಒಣಗಿದರೂ ಹೋದದ್ದೇ. ಸೀಟು ಕೂರಿಸಿಕೊಡಬೇಕಿತ್ತು. ಕಡುನೀಲಿ ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್. ಪುಟ್ಟಮಾದಯ್ಯನವರು ಹತ್ತಿ ಕೂತು, ಇಳಿದು, ಮತ್ತೆ ಕೂತು ನೋಡಿದರು.

ಹೊಲದ ಮೇಲಿನ ಮೂಲೆಗೆ ಮಿಸ್ಬಾ ಓಡಿದಳು. ಎಲ್ಲಿತ್ತೋ, ಒಂದು ಹಕ್ಕಿ ಎದ್ದು ಬೊಬ್ಬೆ ಹಾಕಿತು. ಉದ್ದ ಹಳದಿ ಕಾಲು, ಕಣ್ಣಿನ ಹತ್ತಿರ ಕೆಂಪು. ನಮ್ಮ ತಲೆ ಸವರುವಷ್ಟು ಕೆಳಗೆ ಹಾರಿ, ತಿರುಗಿ, ಮತ್ತೆ ಬಂತು. ನಾನು ದುಪಟ್ಟಾ ಮುಚ್ಚಿಕೊಂಡು ಕೂತುಬಿಟ್ಟೆ.

"ಮೊಟ್ಟೆ ಇಕ್ಕದೆ ಕಣವ್ವ, ಅದ್ಕೇ ಅಂಗ್ ಬಡ್ಕತದೆ. ಕೂಸೇ, ಅಲ್ಲೇ ನಿಂತ್ಕೊ, ಕಾಲ್ ಎತ್ಬ್ಯಾಡ" ಅಂದರು ಸಣ್ಣತಾಯಮ್ಮ.

ಮಿಸ್ಬಾಳ ಕಾಲಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆ. ಗೂಡಿಲ್ಲ, ಕಡ್ಡಿಯಿಲ್ಲ, ಬರೀ ನೆಲ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಬೆರಳು ತೋರಿಸಿದ ಮೇಲೂ ನನಗೆ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯಲಿಲ್ಲ.

"ಇದ್ರ ಹೆಸ್ರೇನಜ್ಜಿ?"

"ನಾವು ಕೂಗೋ ಅಕ್ಕಿ ಅಂತೀವಿ. ಅದು ಕೂಗ್ತಾ ಇದ್ರೆ ಒಳ್ಳೇದು ಕಣಮ್ಮಿ, ಜೀವ ಅದೆ ಅಂತ. ಸುಮ್ನಾಗೋಯ್ತು ಅಂದ್ರೆ ಅಲ್ಲೇನೂ ಉಳ್ದಿಲ್ಲ ಅಂತ."

ಇವರು ಫೋನಿನಲ್ಲಿ ಹುಡುಕಿದರು. ಟಿಟ್ಟಿಭ. ಮರಿಯಾಗಲು ನಾಲ್ಕು ವಾರ ಬೇಕಂತೆ, ಹುಟ್ಟಿದ ದಿನವೇ ಮರಿ ನಡೆದು ಹೋಗುತ್ತವಂತೆ. ಮೊಟ್ಟೆ ಇಟ್ಟದ್ದು ಎಂದು? ಯಾರಿಗೂ ಗೊತ್ತಿಲ್ಲ.

ಪುಟ್ಟಮಾದಯ್ಯನವರು ಮಾತ್ರ ತಲೆ ಕೆರೆದುಕೊಂಡರು. ಯುಗಾದಿ ದಿನ ಅವರ ಕಡೆ ಹೊನ್ನಾರು ಕಟ್ಟುತ್ತಾರೆ. ವರ್ಷದ ಮೊದಲ ಉಳುಮೆ, ಪೂಜೆ ಮಾಡಿ ಒಂದು ಗೆರೆ ಎಳೆಯುವುದು. ಅವರ ಮನೆಯ ಗೆರೆ ಶುರುವಾಗುವುದು ಇದೇ ಮೂಲೆಯಿಂದ. "ನಮ್ಮಪ್ಪ, ಅವ್ರಪ್ಪ, ಎಲ್ರೂ ಇಲ್ಲಿಂದ್ಲೇ ಎಳ್ದಿರದು. ಮೂಲೆ ಬದ್ಲಾಯ್ಸಂಗಿಲ್ಲ, ಗೆರೆ ನಡುವ್ಗೆ ನಿಲ್ಸಂಗೂ ಇಲ್ಲ."

ಈ ಸಲ ಯುಗಾದಿ ಮಾರ್ಚ್ 30. ಮರಿ ಅಷ್ಟರಲ್ಲಿ ಆಗುತ್ತದೋ ಇಲ್ಲವೋ. ಮಿಸ್ಬಾ ದಾರಿಯುದ್ದಕ್ಕೂ ಬೆರಳು ಮಡಚಿ ಬಿಡಿಸಿ ಲೆಕ್ಕ ಹಾಕಿದಳು, ಪ್ರತಿ ಸಲ ಬೇರೆ ಉತ್ತರ.

ಮಾರ್ಚ್ 9, ಭಾನುವಾರ

ಹೊಂಗೆ ಮರದ ಕೆಳಗೆ ಕೂತು ದೂರದಿಂದ ನೋಡಿದೆವು. ಉರಿಬಿಸಿಲು. ಹಕ್ಕಿ ಮೊಟ್ಟೆ ಬಿಟ್ಟು ಏಳುವುದಿಲ್ಲ. ಮೇಲೆ ನೆರಳೂ ಇಲ್ಲ, ಹತ್ತಿರ ನೀರೂ ಇಲ್ಲ. ಆಮೇಲೆ ಇನ್ನೊಂದು ಬಂತು, ಗಂಡೋ ಹೆಣ್ಣೋ. ಇದು ಎದ್ದಿತು, ಅದು ಕೂತಿತು. ಇವರು ಫೋನ್ ಝೂಮ್ ಮಾಡಿ ತೋರಿಸಿದರು, ಬಂದದ್ದರ ಹೊಟ್ಟೆ ಒದ್ದೆ. ಕೆರೆಯಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತದೆ. ಮೊಟ್ಟೆಗೆ ಕಾವು ಕೊಡುವುದು ಗೊತ್ತು, ತಂಪು ಕೊಡುವುದು ಇವತ್ತೇ ತಿಳಿದದ್ದು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ಕೂತೆವು, ಮಕ್ಕಳಿಗಿಂತ ಹೆಚ್ಚು.

"ಅಬ್ಬಾ, ಅದು ಬೆಳಗ್ಗಿಂದ ನೀರು ಕುಡಿದಿಲ್ಲ. ಅದಕ್ಕೂ ರೋಜಾನಾ?" ಮಿಸ್ಬಾ ಅಪ್ಪನನ್ನು ಕೇಳಿದಳು.

"ಹೂಂ. ನಮಗಿಂತ ಕಷ್ಟದ ರೋಜಾ" ಅಂದರು ಇವರು.

ತಮಾಷೆಗೆ ಅಂದದ್ದು. ಅವಳು ತಮಾಷೆ ಅಂತ ತಗೊಳ್ಳಲಿಲ್ಲ.

ಮಾರ್ಚ್ 16, ಭಾನುವಾರ

ಇವತ್ತು ಇಫ್ತಾರ್ ಹೊಲದಲ್ಲೇ. ಬಿಸಿಲು ಇಳಿದ ಮೇಲೆ ಹೋದೆವು. ಖರ್ಜೂರ, ಕಲ್ಲಂಗಡಿ, ಫ್ಲಾಸ್ಕಿನಲ್ಲಿ ಗಂಜಿ. ಪುಟ್ಟಮಾದಯ್ಯ ದಂಪತಿ ಆಗಲೇ ಮನೆಗೆ ಹೋಗಿದ್ದರು. ಬೇಗೂರಿನ ಕಡೆಯಿಂದ ಅಜಾನ್ ಕೇಳಿಸುತ್ತದೋ ಇಲ್ಲವೋ ಅಂತ ಕಿವಿ ಕೊಟ್ಟು ಕೂತಿದ್ದೆವು. ಗಾಳಿ ಈ ಕಡೆಗಿತ್ತು, ಸಣ್ಣಗೆ ಕೇಳಿಸಿತು.

ಮಿಸ್ಬಾ ತನ್ನ ಪಾಲಿನ ಖರ್ಜೂರ ಬಿಡಿಸಿ, ಬೀಜ ತೆಗೆದು, ಟಿಫಿನ್ ಮುಚ್ಚಳದಲ್ಲಿಟ್ಟಳು. ಇನ್ನೊಂದು ಮುಚ್ಚಳದಲ್ಲಿ ನೀರು. ಮೊಟ್ಟೆಯ ಹತ್ತಿರ ಇಟ್ಟು ಬಂದಳು, ಹಕ್ಕಿ ಬೈದರೂ ಹೆದರಲಿಲ್ಲ. "ನೀನೂ ರೋಜಾ ಬಿಡು" ಅಂತ ಅದಕ್ಕೆ ಹೇಳಿದಳು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮ ಮೂರು ಹೃದಯ ಹಾಕಿದರು.

ಮುಚ್ಚಳ ನಾಳೆ ತಗೊಂಡರಾಯಿತು ಅಂತ ಅಲ್ಲೇ ಬಿಟ್ಟು ಬಂದೆವು. ಬಹಳ ಚೆಂದದ ದಿನ.

ಮಾರ್ಚ್ 17, ಸೋಮವಾರ

ಮಧ್ಯಾಹ್ನ ಪುಟ್ಟಮಾದಯ್ಯನವರು ಅಂಗಡಿಗೆ ಬಂದರು. ಕೈಯಲ್ಲಿ ನಮ್ಮ ಎರಡು ಮುಚ್ಚಳ. ಅಂಗಡಿಯ ಹಿಂದೆಯೇ ನಮ್ಮ ಮನೆ. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ, ಮಾತು ಕೇಳಿಸಿತು.

"ಕಾಗೆ ಬಂದ್ಬುಟ್ಟವೆ ಕಣ್ಲಾ. ಕರ್ಜೂರ ತಿನ್ನಕೆ ಬಂದೊ, ಪಕ್ಕದಲ್ಲೇ ಮೊಟ್ಟೆ ಕಂಡ್ಕಬುಟ್ಟೊ. ನಾ ಓಗಿ ಓಡ್ಸೊ ಒತ್ಗೆ ಎಲ್ಡು ಓಗಿದ್ದೊ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವರು "ಯಾ ಅಲ್ಲಾ" ಅಂದು ಮುಚ್ಚಳ ತಗೊಂಡರು. ಕೂಸಿಗೆ ಹೇಳುವುದು ಬೇಡ ಅಂತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಹೊಲಿಗೆ ಮೆಷಿನ್ನಿನ ಹಿಂದೆ ರೆಕ್ಸಿನ್ ಚೂರು ಆರಿಸುತ್ತಾ ಕೂತಿದ್ದಳು ಮಿಸ್ಬಾ. ಶಾಲೆಯಿಂದ ಬಂದದ್ದು ಯಾರೂ ನೋಡಿರಲಿಲ್ಲ.

ಒಳಗೆ ಬಂದಳು.

"ನಾನು ಇಟ್ಟಿದ್ದಕ್ಕಾ ಅಮ್ಮಿ?"

ಇಲ್ಲ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. "ನಾವು ಇಟ್ಟಿದ್ದಕ್ಕೆ" ಅಂದೆ. ಫೋಟೋ ತೆಗೆದವಳು ನಾನೇ ತಾನೇ. ಅವಳು ಅಳಲಿಲ್ಲ. ತಲೆಯಾಡಿಸಿ ಹೋದಳು. ನನಗೇ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತೆ.

ಮಾರ್ಚ್ 26, ಬುಧವಾರ

ಮನೆಯಲ್ಲಿ ಸದ್ದಿಲ್ಲ.

ಭಾನುವಾರ ಹೊಲಕ್ಕೆ ಹೋಗಲಿಲ್ಲ. ಕರೆದರೆ "ಬೇಡ" ಅಂದಳು. ಜ್ವರವಿಲ್ಲ, ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ. ಆದರೆ ಪ್ರಶ್ನೆ ಇಲ್ಲ. ಒಂದೂ ಇಲ್ಲ. ನಿನ್ನೆ ಬೀದಿಯ ಬೇವಿನ ಮರ ಪೂರ್ತಿ ಹೂ ಬಿಟ್ಟು, ಬಾಗಿಲ ತನಕ ಉದುರಿತ್ತು. ಅದರ ಮೇಲೆ ನಡೆದುಕೊಂಡು ಬಂದಳು, ಕೆಳಗೆ ನೋಡಲಿಲ್ಲ. ಮೊದಲಾಗಿದ್ದರೆ ಹೂವು ಬಿಳಿ, ಎಲೆ ಕಹಿ, ಯಾಕೆ ಅಂತ ತಲೆ ತಿನ್ನುತ್ತಿದ್ದಳು. ಎಷ್ಟು ಸಲ ಬೈದಿದ್ದೇನೆ, ಒಂದು ನಿಮಿಷ ಬಾಯಿ ಮುಚ್ಚೇ ಅಂತ. ಈಗ ಮುಚ್ಚಿದ್ದಾಳೆ. ನನಗೆ ಭಯವಾಗುತ್ತಿದೆ.

ಇವರಿಗೆ ಹೇಳಿದೆ. "ಮಕ್ಕಳು, ಮರೀತಾರೆ" ಅಂದರು. ಅವಳು ಮರೆಯುವವಳಲ್ಲ. ನನ್ನ ಮಗಳು.

ಇದನ್ನೆಲ್ಲ ಇಲ್ಲಿ ಬರೆಯುವುದೇ ಸುಲಭ. ಮನೆಯಲ್ಲಿ ಆಡುವುದು ಉರ್ದು, ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡ. ಇವರ ಕನ್ನಡ ಬಿಲ್ ಬರೆಯುವಷ್ಟೇ. ಯಾರೂ ಓದುವುದಿಲ್ಲ.

ಮಾರ್ಚ್ 28, ಶುಕ್ರವಾರ

ಪುಟ್ಟಮಾದಯ್ಯನವರ ಫೋನ್. ಯುಗಾದಿಗೆ ಬನ್ನಿ, ಕೂಸು ಹೊನ್ನಾರು ನೋಡಲಿ ಅಂತ. ಮೊಟ್ಟೆ ಏನಾಯಿತು ಅಂತ ಇವರು ಕೇಳಿದರು. ಉಳಿದ ಎರಡು ಹಾಗೇ ಇವೆ, ಹಕ್ಕಿ ಕೂಗುತ್ತಿದೆ. ಮರಿ ಇನ್ನೂ ಆಗಿಲ್ಲ.

"ಮತ್ತೆ ಗೆರೆ?"

"ಆವತ್ತು ನೋಡದ ಬುಡ್ಲಾ."

ನೋಡೋಣ ಅಂದರೆ ಏನರ್ಥ? ಉಳುತ್ತಾರೆ ಅಂತಲೇ? ಅದನ್ನು ಅವಳ ಕಣ್ಣೆದುರು ನೋಡಬೇಕೆ? ಬೇಡ ಅಂದೆ. ಮಿಸ್ಬಾಳೇ ಬಂದು "ಹೋಗೋಣ" ಅಂದಳು. ಅಷ್ಟೇ ಹೇಳಿದ್ದು.

ಮಾರ್ಚ್ 30, ಭಾನುವಾರ. ಯುಗಾದಿ

ಬೆಳಗ್ಗೆಯೇ ಹೋದೆವು. ಅಕ್ಕಪಕ್ಕದ ಹೊಲಗಳಲ್ಲಿ ಎತ್ತುಗಳಿಗೆ ಕೊಂಬಿಗೆ ಬಣ್ಣ, ಕೊರಳಿಗೆ ಹೂವು. ಪುಟ್ಟಮಾದಯ್ಯನವರಿಗೆ ಎತ್ತಿಲ್ಲ, ಟ್ರ್ಯಾಕ್ಟರಿಗೇ ಅರಿಶಿನ ಕುಂಕುಮ, ಮಾವಿನ ಸೊಪ್ಪು. ನೀಲಿ ಸೀಟಿನ ಮೇಲೂ ಒಂದು ಬೊಟ್ಟು. ಸಣ್ಣತಾಯಮ್ಮ ಬೇವು ಬೆಲ್ಲ ಕೊಟ್ಟರು. ರೋಜಾ ಇದೆ ಅಂದಾಗ "ಸೆರ್ಗಲ್ಲಿ ಕಟ್ಕೊ, ಸಂಜ್ಗೆ ತಿನ್ನು" ಅಂದರು. ದುಪಟ್ಟಾ ತುದಿಗೆ ಕಟ್ಟಿಕೊಂಡೆ.

ಟ್ರ್ಯಾಕ್ಟರ್ ಮೂಲೆಯಿಂದ ಹೊರಟಿತು. ನೇಗಿಲು ಇಳಿಯಿತು, ಮಣ್ಣು ಎದ್ದಿತು. ಮೊಟ್ಟೆ ಇದ್ದದ್ದು ಅದೇ ನೇರಕ್ಕೆ. ಹಕ್ಕಿ ಹಾರಲಿಲ್ಲ. ಎದ್ದು ನಿಂತು ಎರಡೂ ರೆಕ್ಕೆ ಅಗಲಿಸಿ ಟ್ರ್ಯಾಕ್ಟರಿಗೆ ಅಡ್ಡ ನಿಂತಿತು. ಎಷ್ಟಿದೆ ಅದು, ಒಂದು ಕೋಳಿಯಷ್ಟೂ ಇಲ್ಲ. ನಾನು ಮಿಸ್ಬಾಳ ಕಣ್ಣು ಮುಚ್ಚಲು ಹೋದೆ, ಕೈ ತಳ್ಳಿದಳು.

ಪುಟ್ಟಮಾದಯ್ಯನವರು ನಿಧಾನ ಮಾಡಿದರು. ನಿಲ್ಲಿಸಲಿಲ್ಲ.

"ಕ್ಲಚ್ ತುಳೀರಿ" ಅಂತ ಇವರು ಕೂಗಿದರು.

"ನಿಂತ್ರೆ ಗೆರೆ ಮುರೀತದೆ ಕಣ್ಲಾ. ವರ್ಸೆಲ್ಲಾ ಮುರ್ದಂಗೆ." ಕಾಲನ್ನು ಕ್ಲಚ್ಚಿನ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟರು. ಅವರಿಗೂ ಗೊತ್ತಿರಲಿಲ್ಲ ಏನು ಮಾಡುತ್ತೇನೆ ಅಂತ. ಅದು ಆವಾಗ ತಿಳಿಯಿತು.

ಮಿಸ್ಬಾ ಟ್ರ್ಯಾಕ್ಟರಿನ ಪಕ್ಕಕ್ಕೆ ಓಡಿದಳು.

"ತಾತಾ, ನೇಗಿಲು ಮೇಲೆತ್ತಿ ಓಡಿಸಿದ್ರೆ ಗೆರೆ ನಿಂತ ಹಾಗಾ, ಮುಂದೆ ಹೋದ ಹಾಗಾ?"

ಅವರು ಅವಳನ್ನು ನೋಡಿದರು. ಬೀಡಿ ಇಲ್ಲದಿದ್ದರೂ ಬೀಡಿ ಆರಿಸಿದ ಮುಖ. ಲಿವರ್ ಎಳೆದರು. ನೇಗಿಲು ಗಾಳಿಗೆ ಎದ್ದಿತು. ಎರಡು ಚಕ್ರ ಮೊಟ್ಟೆಯ ಆಚೆಗೊಂದು, ಈಚೆಗೊಂದು. ಕೊನೇ ಗಳಿಗೆಯಲ್ಲಿ ಹಕ್ಕಿ ಚೀರಿ ಹಾರಿತು. ಟ್ರ್ಯಾಕ್ಟರ್ ಮೊಟ್ಟೆ ದಾಟಿದ ಮೇಲೆ ನೇಗಿಲು ಮತ್ತೆ ಇಳಿಯಿತು. ಧೂಳು ಕೂರುವ ಮುಂಚೆ ಹಕ್ಕಿ ಬಂದು ಕೂತಿತ್ತು.

"ಗಾಡಿ ನಿಂತಿಲ್ವಲ್ಲ, ಗೆರೆ ಮುರ್ದಿಲ್ಲ" ಅಂತ ಇಳಿದು ಬಂದು ಹೆಂಡತಿಗೆ ಹೇಳಿದರು, ಕೋರ್ಟಿನಲ್ಲಿ ಹೇಳಿದ ಹಾಗೆ. ಸಣ್ಣತಾಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು "ಮುರ್ದಿಲ್ಲ ಬುಡಿ" ಅಂದರು.

ಎರಡು ವಾರದಲ್ಲಿ ಅವಳ ಮೊದಲ ಪ್ರಶ್ನೆ. ಸಂಜೆ ಚಾಂದ್ ಕಾಣಿಸಿತು. ನಾಳೆ ಈದ್. ಬೇವು ಬೆಲ್ಲದಲ್ಲೇ ಕೊನೆಯ ರೋಜಾ ಬಿಟ್ಟೆ.

ಮಾರ್ಚ್ 31, ಸೋಮವಾರ. ಈದ್

ನಮಾಜ್ ಮುಗಿದ ಮೇಲೆ ಶೀರ್ ಖುರ್ಮಾ ತುಂಬಿಕೊಂಡು ಬೇಗೂರಿಗೆ. ಅವರ ಮನೆಯಲ್ಲಿ ಕೊಟ್ಟು, ಹೊಲಕ್ಕೆ. ನಿನ್ನೆಯ ಗೆರೆ ಹಾಗೇ ಇದೆ, ನಡುವೆ ಉಳದ ಒಂದು ತುಂಡು ನೆಲ.

ನೆಲ ಖಾಲಿ. ಮೊಟ್ಟೆ ಇಲ್ಲ. ಚಿಪ್ಪಿಲ್ಲ. ಹಕ್ಕಿಯೂ ಇಲ್ಲ.

ಸದ್ದೇ ಇಲ್ಲ. ಸಣ್ಣತಾಯಮ್ಮ ಹೇಳಿದ ಮಾತು ಎಲ್ಲರಿಗೂ ನೆನಪಾಗಿರಬೇಕು. ಇವರು ಆಕಾಶ ನೋಡಿದರು, ಕಾಗೆ ಇದೆಯಾ ಅಂತ. ಮಿಸ್ಬಾ ಹೊಸ ಫ್ರಾಕಿನ ಅಂಚು ಹಿಡಿದು ನಿಂತಿದ್ದಳು. ಒಂದು ಹೆಜ್ಜೆ ಬದುವಿನ ಕಡೆ ಇಟ್ಟಳು.

ಎಲ್ಲಿತ್ತೋ, ಬಂತು. ಎರಡೂ ಬಂದವು. ನಮ್ಮ ಮೇಲೆ ಬಿದ್ದು ಬೈದವು, ಇವರ ಹೊಸ ಟೋಪಿ ಹಾರಿಸುವಷ್ಟು ಹತ್ತಿರ. ಇವರು ಕೈ ಬೀಸುತ್ತಾ ನಗುತ್ತಿದ್ದರು. ಹುಜೈಫಾ ಚಪ್ಪಾಳೆ ತಟ್ಟಿದ. ಯಾರಿಂದಲಾದರೂ ಇಷ್ಟು ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲಿ ಇಲ್ಲ.

"ಬದುವಿನ ಹುಲ್ಲಲ್ಲಿ ಮರಿ ಇರುತ್ತೆ, ಬಾ ನೋಡೋಣ" ಅಂದೆ. ನನಗೇ ತಡೆಯಲಾಗಲಿಲ್ಲ.

"ಬೇಡ ಅಮ್ಮಿ. ನಾವು ನೋಡಿದ ಕಡೆ ಕಾಗೇನೂ ನೋಡುತ್ತೆ."

ಇಟ್ಟ ಹೆಜ್ಜೆ ಹಿಂದೆ ತೆಗೆದಳು. ನೋಡಬೇಕು ಅಂತ ತಿಂಗಳಿಂದ ಕಾದವಳು. ಕೈ ಹಿಡಿದು ನನ್ನನ್ನೇ ರಸ್ತೆ ತನಕ ಕರೆದುಕೊಂಡು ಬಂದಳು.

ಸ್ಕೂಟರ್ ಹತ್ತಿದ್ದೇ ತಡ, ಶುರು. ಚಿಪ್ಪು ಎಲ್ಲಿ ಹೋಯಿತು? ಮರಿಗೆ ಹುಟ್ಟಿದ ದಿನವೇ ನಡೆಯಲು ಯಾರು ಹೇಳಿಕೊಟ್ಟರು? ಹುಜೈಫಾ ಯಾಕೆ ಇಷ್ಟು ತಡ? ಅವು ಹುಟ್ಟಿದ್ದು ಯುಗಾದಿಗಾ ಈದ್‌ಗಾ? ಗುಂಡ್ಲುಪೇಟೆ ತನಕ ಬಾಯಿ ಮುಚ್ಚಲಿಲ್ಲ. ನಾನು ಮುಚ್ಚು ಅನ್ನಲಿಲ್ಲ, ಇನ್ನು ಮುಂದೆಯೂ—

ಬಂದಳು ನೋಡು. ಪುಸ್ತಕದ ಮೇಲೆ ಗದ್ದ ಇಟ್ಟು ನಿಂತಿದ್ದಾಳೆ. "ಅಮ್ಮಿ, ಇದರಲ್ಲಿ ಏನು ಬರೀತೀಯ? ಯಾರು ಓದ್ತಾರೆ?"

ಯಾರೂ ಇಲ್ಲ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಪೆನ್ನಿಗೇ ಕೈ ಹಾಕಿ—